ಬ್ಲ್ಯಾಕ್‌ಹೀತ್ ಬಯಲಿಗೆ ಬಂದ ಕಮ್ಮಾರ

ಭಾನುವಾರ ಬೆಳಿಗ್ಗೆ ಲಂಡನ್ನಿನ ಬ್ಲ್ಯಾಕ್‌ಹೀತ್ ಬಯಲು ದಾಟಿ ಗ್ರೀನಿಚ್ ಪಾರ್ಕಿನ ಗೇಟಿನ ಹತ್ತಿರ ಬಂದಾಗಲೆಲ್ಲ ಅಲ್ಲಿನ ಗೋಡೆಯ ಫಲಕದ ಮುಂದೆ ಒಂದು ಗಳಿಗೆ ನಿಲ್ಲುತ್ತೇನೆ. ಅದರಲ್ಲಿರುವ ಹೆಸರುಗಳು ಮೈಕೆಲ್ ಜೋಸೆಫ್, ಥಾಮಸ್ ಫ್ಲಾಮಾಂಕ್. 1497ರಲ್ಲಿ ತೆರಿಗೆಯ ವಿರುದ್ಧ ಕಾರ್ನ್‌ವಾಲ್‌ನಿಂದ ದಂಗೆಯೆದ್ದು ಇಲ್ಲಿಗೆ ಬಂದವರ ಮುಂದಾಳುಗಳು ಇವರು. ಮೈಕೆಲ್‌ನನ್ನು ಜನ ಕರೆಯುತ್ತಿದ್ದದ್ದು ‘ಆನ್ ಗೋಫ್’ ಎಂದು. ಕಾರ್ನಿಷ್ ಭಾಷೆಯಲ್ಲಿ ಹಾಗೆಂದರೆ ಕಮ್ಮಾರ. ನಮ್ಮ ತಾತನದೂ ಕುಲುಮೆಯ ಬದುಕೇ. ಊರಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ, ಎಲ್ಲರಿಗೂ ಅವರು ಕಮ್ಮಾರಣ್ಣ.

ಆಗ ಇಂಗ್ಲೆಂಡ್ ಆಳುತ್ತಿದ್ದವನು ಏಳನೇ ಹೆನ್ರಿ. ಲೆಕ್ಕದ ಪುಸ್ತಕ ತರಿಸಿಕೊಂಡು ತಾನೇ ನೋಡಿ ಸಹಿ ಹಾಕುತ್ತಿದ್ದ ದೊರೆ. ಸುಂಕ, ಅರಮನೆ ಜಮೀನಿನ ಗೇಣಿ ಸಾಲದೆ ಹೋದಾಗ ಶ್ರೀಮಂತರಿಂದ ಮುಚ್ಚಳಿಕೆ ಬರೆಸಿಕೊಂಡು ದಂಡ ಕಟ್ಟಿಸುತ್ತಿದ್ದ. ಯುದ್ಧ ಬಂದರೆ ಮಾತ್ರ ಪಾರ್ಲಿಮೆಂಟಿನಿಂದ ತೆರಿಗೆ. 1489ರಲ್ಲಿ ಹಾಗೆ ತೆರಿಗೆ ಹಾಕಿದಾಗ ಯಾರ್ಕ್‌ಷೈರ್‌ನ ಜನ ತಿರುಗಿಬಿದ್ದು ಉತ್ತರದ ದೊಡ್ಡ ಒಡೆಯ ನಾರ್ಥಂಬರ್‌ಲ್ಯಾಂಡಿನ ಅರ್ಲ್‌ನನ್ನೇ ಕೊಂದರು. 1,00,000 ಪೌಂಡ್ ಬರಬೇಕಿದ್ದಲ್ಲಿ ಕೈಗೆ ಬಂದದ್ದು ಸುಮಾರು 27,000.

1497ರಲ್ಲಿ ಸ್ಕಾಟ್ಲೆಂಡ್ ಮೇಲೆ ಯುದ್ಧಕ್ಕೆಂದು ಮತ್ತೆ ತೆರಿಗೆ ಬಂತು. ಕಾರ್ನ್‌ವಾಲ್ ಇರುವುದು ದೇಶದ ನೈಋತ್ಯ ತುದಿಯಲ್ಲಿ, ಸ್ಕಾಟ್ಲೆಂಡ್ ಗಡಿ ಇರುವುದು ಉತ್ತರದ ತುದಿಯಲ್ಲಿ. ಆ ಗಡಿ ಕಾಯುವ ಹೊಣೆ ಉತ್ತರದ ಒಡೆಯರದು, ನಾವೇಕೆ ಕೊಡಬೇಕು ಎಂದು ವಕೀಲ ಫ್ಲಾಮಾಂಕ್ ಕೇಳಿದ. ನ್ಯಾಯವಾದ ಪ್ರಶ್ನೆ. ತವರದ ಗಣಿಯವರ ಹಳೆಯ ಹಕ್ಕುಗಳನ್ನು ರಾಜ ತಡೆಹಿಡಿದಿದ್ದ ಸಿಟ್ಟೂ ಅಲ್ಲಿ ಹೊಗೆಯಾಡುತ್ತಿತ್ತು.

ಸೇಂಟ್ ಕೆವರ್ನ್ ಎಂಬ ಹಳ್ಳಿಯಿಂದ ಕಮ್ಮಾರ ಹೊರಟ. ದಾರಿಯುದ್ದಕ್ಕೂ ಜನ ಸೇರಿದರು, ವೆಲ್ಸ್ ಊರಿನಲ್ಲಿ ಲಾರ್ಡ್ ಆಡ್ಲಿ ಎಂಬ ಶ್ರೀಮಂತನೂ ಸೇರಿಕೊಂಡ. 400 ಕಿಲೋಮೀಟರಿಗೂ ಹೆಚ್ಚು ನಡೆದು ಲಂಡನ್ನಿನ ಅಂಚಿನ ಈ ಬಯಲಿಗೆ ಬಂದು ಬೀಡುಬಿಟ್ಟರು. ಕುದುರೆ ದಳವಿಲ್ಲ, ಫಿರಂಗಿಯಿಲ್ಲ. ಎದುರಿಗೆ ಬಂದದ್ದು ಸ್ಕಾಟ್ಲೆಂಡ್ ಮೇಲೆ ಹೋಗಲೆಂದೇ ಕೂಡಿಸಿದ್ದ ಸೈನ್ಯ. ಯಾವ ಯುದ್ಧಕ್ಕೆ ಅವರಿಂದ ದುಡ್ಡು ಕೇಳಿದ್ದರೋ ಅದೇ ಯುದ್ಧದ ದಂಡು ಅವರ ಮೇಲೆಯೇ ಬಿತ್ತು. ಎಷ್ಟು ಸಲ ಓದಿದರೂ ಇಲ್ಲಿ ನನಗೆ ಗಂಟಲು ಕಟ್ಟುತ್ತದೆ.

ಜೂನ್ 17ರಂದು ಡೆಪ್ಟ್‌ಫೋರ್ಡ್ ಸೇತುವೆಯ ಬಳಿ ಬಿಲ್ಲುಗಾರರು ಸ್ವಲ್ಪ ಹೊತ್ತು ತಡೆದರು, ಆಮೇಲೆ ಎಲ್ಲ ಮುಗಿಯಿತು. ಹತ್ತು ದಿನದ ಮೇಲೆ ಕಮ್ಮಾರನನ್ನೂ ವಕೀಲನನ್ನೂ ಲಂಡನ್ನಿನ ಗಲ್ಲಿನ ಜಾಗವಾದ ಟೈಬರ್ನ್‌ನಲ್ಲಿ ಕೊಂದರು. ನನ್ನ ಹೆಸರು, ಕೀರ್ತಿ ಅಳಿಯುವುದಿಲ್ಲ ಎಂದು ಕಮ್ಮಾರ ಸಾವಿನ ದಾರಿಯಲ್ಲಿ ಹೇಳಿದನಂತೆ. ಫಲಕದಲ್ಲಿ ಆ ಮಾತೂ ಇದೆ.

ಬಂಡಾಯಕ್ಕೆ ನೆರವಾದ ಊರುಗಳ ಮೇಲೆ ಹೆನ್ರಿ ದಂಡ ಹಾಕಿದ. ಗಣಿಯವರಿಗೆ ಅವರ ಹಕ್ಕು ಮರಳಿ ಸಿಕ್ಕಿದ್ದು 1508ರಲ್ಲಿ, ಅದಕ್ಕೂ 1,000 ಪೌಂಡ್ ಎಣಿಸಿಕೊಟ್ಟ ಮೇಲೆ.