ಕನ್ನಡಿ ಏಳುವ ಸದ್ದು

ಹೊಸ ಡಿಎಸ್‌ಎಲ್‌ಆರ್ ಕ್ಯಾಮೆರಾ ಬಂದು ಮೂರು ದಿನವಾಯಿತು. ಫೋನಿಗೆ ಒಗ್ಗಿದ ಕೈಗೆ ಮೊದಲು ಭಾರ ಅನ್ನಿಸಿತು. ಈಗ ಆ ಭಾರದಿಂದಲೇ ಕೈ ನಡುಗುವುದಿಲ್ಲ. ವ್ಯೂಫೈಂಡರಿಗೆ ಕಣ್ಣಿಟ್ಟರೆ ಕಾಣುವುದು ಪರದೆಯಲ್ಲ, ಲೆನ್ಸಿನಿಂದ ಬಂದು ಕನ್ನಡಿಗೆ ಬಡಿದು ಮೇಲೆ ಹಾಯುವ ನಿಜವಾದ ಬೆಳಕು. ಬಟನ್ ಒತ್ತಿದಾಗ ಆ ಕನ್ನಡಿ ಟಪ್ ಅಂತ ಏಳುತ್ತದೆ, ಕಣ್ಣಿಗೆ ಅರೆಗಳಿಗೆ ಕತ್ತಲು. ಅಂದರೆ ಫೋಟೋದಲ್ಲಿ ಉಳಿಯುವ ಆ ಕ್ಷಣವನ್ನೇ ನಾನು ನೋಡಿರುವುದಿಲ್ಲ, ಅಲ್ವಾ? ಸುಮ್ನೆ ಅದನ್ನೇ ಯೋಚಿಸುತ್ತಾ ಕೂತಿದ್ದೆ.

50 ಎಂಎಂ ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್/1.8ಕ್ಕೆ, ಅಂದರೆ ತುಂಬಾ ಅಗಲವಾಗಿ, ತೆರೆದು ಹತ್ತಿರದಿಂದ ಅಮ್ಮನ ಮುಖ ತೆಗೆದೆ. ಕಣ್ಣು ಸ್ಪಷ್ಟ, ಕಿವಿ ಬರುವಷ್ಟರಲ್ಲಿ ಮಸುಕು. ತುಂಬಾ ಇಷ್ಟವಾಯಿತು. ಮೆನುಗಳು ಮಾತ್ರ ಜಾಸ್ತಿ. ನಾಳೆ ಎಳೆಬಿಸಿಲಿನಲ್ಲಿ ಅಮ್ಮನನ್ನು ಇನ್ನೊಮ್ಮೆ ಕೂರಿಸಬೇಕು.