ಅರ್ಧ ಚಮಚ ಸಕ್ಕರೆ: ಕೇಪ್‌ಟೌನ್‌ನಿಂದ ರಾಬೆನ್ ದ್ವೀಪಕ್ಕೆ

ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರ ತನ್ನ ವಿರೋಧಿಗಳನ್ನು ಕೂಡಿಹಾಕಿದ್ದ ಜೈಲು ಇರುವುದು ರಾಬೆನ್ ದ್ವೀಪದಲ್ಲಿ. ಅದನ್ನು ಪ್ರವಾಸದ ಕೊನೆಯ ದಿನಕ್ಕೆ ಉಳಿಸಿಕೊಳ್ಳಬೇಡಿ. ಡಿಸೆಂಬರ್-ಜನವರಿ ಅಲ್ಲಿ ಬೇಸಿಗೆ. ಆಗ್ನೇಯ ಗಾಳಿ ಜೋರಾದರೆ ದೋಣಿ ರದ್ದು. ಜೂನ್-ಜುಲೈನಲ್ಲಿ ಅಲೆಗಳ ಕಾಟ. ಮೊದಲ ದಿನಕ್ಕೇ ಟಿಕೆಟ್ ತೆಗೆದಿದ್ದರೆ ಮುಂದೂಡಲು ಜಾಗವಿರುತ್ತದೆ. ವರ್ಣಭೇದವನ್ನು ಭಾರತ ವಿರೋಧಿಸುತ್ತಿದ್ದ ಕಾಲಕ್ಕೆ ನಮ್ಮ ಪಾಸ್‌ಪೋರ್ಟ್‌ನಲ್ಲೇ 'ದಕ್ಷಿಣ ಆಫ್ರಿಕಾಕ್ಕೆ ಸಲ್ಲದು' ಎಂದು ಅಚ್ಚಾಗಿರುತ್ತಿತ್ತು. ಈಗ ಅಡ್ಡ ಬರುವುದು ಗಾಳಿ ಮಾತ್ರ.

ದ್ವೀಪಕ್ಕೆ ಮೊದಲು ಊರೊಳಗೆ ಅರ್ಧ ದಿನ ನಡೆಯುವುದು ಒಳ್ಳೆಯದು. ಕ್ವೀನ್ ವಿಕ್ಟೋರಿಯಾ ರಸ್ತೆಯಲ್ಲಿ ಹೈಕೋರ್ಟಿನ ಹಳೆಯ ಕಟ್ಟಡದೆದುರು ಎರಡು ಬೆಂಚುಗಳಿವೆ: ಒಂದರ ಮೇಲೆ 'ಬಿಳಿಯರಿಗೆ ಮಾತ್ರ', ಇನ್ನೊಂದರ ಮೇಲೆ 'ಬಿಳಿಯರಲ್ಲದವರಿಗೆ ಮಾತ್ರ'. 1950ರ ಜನಸಂಖ್ಯಾ ನೋಂದಣಿ ಕಾಯ್ದೆ ತಮಗೆ ಅಂಟಿಸಿದ ಜನಾಂಗದ ಚೀಟಿಯನ್ನು ಒಪ್ಪದವರ ಮೇಲ್ಮನವಿಗಳ ವಿಚಾರಣೆ ನಡೆಯುತ್ತಿದ್ದುದು ಇಲ್ಲಿ. ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ, ಅದು ಬೀಳುತ್ತದೋ ನಿಲ್ಲುತ್ತದೋ ಎಂದು ನೋಡಿ ಜನಾಂಗ ತೀರ್ಮಾನಿಸಿದ ಕಾಲ ಅದು.

ಅಲ್ಲಿಂದ ಸುಮಾರು ಕಾಲು ಗಂಟೆ ನಡೆದರೆ ಬ್ಯೂಟೆನ್‌ಕಾಂಟ್ ರಸ್ತೆಯ ಹಳೆಯ ಮೆಥಡಿಸ್ಟ್ ಚರ್ಚು, ಅಂದರೆ ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂ. ಭಾನುವಾರ ರಜೆ. ಬೇರೆಬೇರೆ ಬಣ್ಣದವರು ಒಂದೇ ಓಣಿಯಲ್ಲಿ ಬದುಕುತ್ತಿದ್ದ ಈ ಬಡಾವಣೆಯನ್ನು 1966ರ ಫೆಬ್ರವರಿ 11ರಂದು ಬಿಳಿಯರ ಪ್ರದೇಶವೆಂದು ಘೋಷಿಸಿದರು. 60,000ಕ್ಕೂ ಹೆಚ್ಚು ಜನರನ್ನು ಊರಾಚೆಯ ಬಯಲಾದ ಕೇಪ್ ಫ್ಲಾಟ್ಸ್‌ಗೆ ಅಟ್ಟಿದರು, ಅದೂ ಬಣ್ಣಕ್ಕೊಂದು ದಿಕ್ಕಿಗೆ. ಪಕ್ಕದ ಮನೆಯ ಗೆಳೆತನವನ್ನು ಮುರಿಯಲು ಜಗಳ ಬೇಕಿರಲಿಲ್ಲ, ಎರಡು ಬಸ್ಸಿನ ದೂರ ಸಾಕಿತ್ತು. ನೆಲದ ಮೇಲಿನ ದೊಡ್ಡ ನಕ್ಷೆಯಲ್ಲಿ ಹಳೆಯ ನಿವಾಸಿಗಳು ತಮ್ಮ ಮನೆಯಿದ್ದ ಜಾಗದಲ್ಲಿ ಹೆಸರು ಬರೆದಿದ್ದಾರೆ. ತಲೆಯೆತ್ತಿದರೆ ರಸ್ತೆಗಳ ನಾಮಫಲಕಗಳು. ಅವನ್ನು ಬಿಸಾಡದೆ ತನ್ನ ಮನೆಯಲ್ಲಿ ಬಚ್ಚಿಟ್ಟವನು ಬಡಾವಣೆ ಕೆಡವಿಸಿದ ಮೇಲ್ವಿಚಾರಕನೇ.

ದೋಣಿ ಹೊರಡುವುದು ವಾಟರ್‌ಫ್ರಂಟ್‌ನ ಗಡಿಯಾರ ಗೋಪುರದ ಬಳಿಯಿಂದ. ಅರ್ಧ ಗಂಟೆ ಮೊದಲೇ ಅಲ್ಲಿರಿ. ಹೋಗಿ ಬರಲು ಒಟ್ಟು ಸುಮಾರು ನಾಲ್ಕು ಗಂಟೆ. ದಪ್ಪ ಜಾಕೆಟ್ ಇರಲಿ. ಸಮುದ್ರ ಹೊಟ್ಟೆ ಕಲಕುವವರು ಮಾತ್ರೆಯನ್ನು ದೋಣಿ ಹತ್ತುವ ಮೊದಲೇ ನುಂಗಬೇಕು, ಅಲೆ ಶುರುವಾದ ಮೇಲಲ್ಲ. ದ್ವೀಪದಲ್ಲಿ ಮೊದಲು ಬಸ್ಸು: ವರ್ಣಭೇದ ವಿರೋಧಿ ನಾಯಕ ರಾಬರ್ಟ್ ಸೊಬುಕ್ವೆಯನ್ನು 1963ರಿಂದ 1969ರವರೆಗೆ ಒಂಟಿಯಾಗಿಟ್ಟ ಮನೆ, ಆಮೇಲೆ ಸುಣ್ಣದ ಕಲ್ಲಿನ ಗಣಿ. ಬಿಸಿಲಿದ್ದರೆ ಬಸ್ಸಿನ ಕಿಟಕಿಯಿಂದಲೇ ಕಣ್ಣು ಕುಕ್ಕುತ್ತದೆ. ಅಲ್ಲಿ ದುಡಿದ ಕೈದಿಗಳಿಗೆ ಕಪ್ಪು ಕನ್ನಡಕಕ್ಕೆ ಅನುಮತಿ ಸಿಗಲು ಹತ್ತಿರಹತ್ತಿರ ಮೂರು ವರ್ಷ ಹಿಡಿಯಿತು.

ಜೈಲಿನೊಳಗೆ ಎಲ್ಲರೂ ಮಂಡೇಲಾ ಸೆಲ್ಲಿನ ಫೋಟೊಗೆ ಮುಗಿಬೀಳುತ್ತಾರೆ. ನೋಡಬೇಕಾದದ್ದು ಊಟದ ಪಟ್ಟಿ. ಭಾರತೀಯ ಮತ್ತು ಮಿಶ್ರವರ್ಣೀಯ ಕೈದಿಗೆ ಮಾಂಸ 6 ಔನ್ಸ್, ಕೊಬ್ಬು 1 ಔನ್ಸ್, ಜಾಮ್ 1 ಔನ್ಸ್. ಆಫ್ರಿಕನ್ ಕೈದಿಗೆ ಮಾಂಸ 5, ಕೊಬ್ಬು ಅರ್ಧ, ಜಾಮ್ ಇಲ್ಲವೇ ಇಲ್ಲ. ಬ್ರೆಡ್ಡೂ ಇಲ್ಲ. ಒಂದೇ ಹೋರಾಟದ ಗೆಳೆಯರನ್ನು ತಟ್ಟೆಯಲ್ಲೇ ಬೇರೆ ಮಾಡುವ ಉಪಾಯ.

1964ರ ಜೂನ್‌ನಲ್ಲಿ, ಕೊರೆಯುವ ಚಳಿಯಲ್ಲಿ, ಸರ್ಕಾರದ ವಿರುದ್ಧ ವಿಧ್ವಂಸಕ ಕೃತ್ಯದ ಆರೋಪದ ರಿವೋನಿಯಾ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾದ ಏಳು ಮಂದಿ ಇಲ್ಲಿಗೆ ಬಂದರು. ಅವರಲ್ಲಿ ಕಿರಿಯವರಾದ ಅಹ್ಮದ್ ಕತ್ರಾಡಾಗೆ, ಗುಜರಾತಿ ಮೂಲದವರೆಂದು, ಉದ್ದ ಪ್ಯಾಂಟು, ಕಾಲುಚೀಲ. ಆಫ್ರಿಕನ್ನರೆಂದು ಮಂಡೇಲಾ ಮತ್ತು ಅವರ ಹಿರಿಯ ಸಂಗಾತಿ ಸಿಸುಲು ಅವರಿಗೆ ಹುಡುಗರ ಚಡ್ಡಿ. ಕತ್ರಾಡಾ ತನಗೂ ಪ್ಯಾಂಟು ಬೇಡವೆನ್ನಲು ಹೊರಟಾಗ ಹಿರಿಯರೇ ತಡೆದರು: ಇರುವುದನ್ನು ಬಿಟ್ಟುಕೊಡಬೇಡ, ಎಲ್ಲರಿಗೂ ಅದು ಸಿಗುವಂತೆ ಹೋರಾಡೋಣ. ಊಟ ಸಮವಾಗಲು 1979 ಬರಬೇಕಾಯಿತು. ಆಗಲೂ ಅಧಿಕಾರಿಗಳು ಆಫ್ರಿಕನ್ನರಿಗೆ ಅರ್ಧ ಚಮಚ ಸಕ್ಕರೆ ಹೆಚ್ಚಿಸಿದ್ದು ಉಳಿದವರ ಪಾಲಿನ ಅರ್ಧ ಚಮಚ ಕಿತ್ತುಕೊಂಡು!

ಅದೇ ಪ್ರಕರಣದಲ್ಲಿ ಅದೇ ಜೀವಾವಧಿ ಶಿಕ್ಷೆಯಾದ ಎಂಟನೆಯವರು ಡೆನಿಸ್ ಗೋಲ್ಡ್‌ಬರ್ಗ್. ಅವರ ಸೆಲ್ ಎಲ್ಲಿ ಎಂದು ಮಾರ್ಗದರ್ಶಿಯನ್ನು ಕೇಳಿದರೆ ಸಿಗುವ ಉತ್ತರ ಪ್ರಿಟೋರಿಯಾ. ಬಿಳಿಯ ಕೈದಿಗೆ ಬಿಳಿಯರದೇ ಜೈಲು. 1985ರಲ್ಲಿ ಬಿಡುಗಡೆಯಾಗುವವರೆಗೂ ಅವರನ್ನು ಈ ಗೆಳೆಯರ ಜೊತೆ ಇರಿಸಲಿಲ್ಲ.