ಹಿಂಬರಹ ಬಂತು, ಲಾಂಚ್ ಬರಲಿಲ್ಲ

ಮೂರು ವರ್ಷ ನಾನು ಜನರ ದೂರು ಅರ್ಜಿ ನೋಡುವ ಟೇಬಲ್ಲಿನಲ್ಲಿ ವಿಷಯ ನಿರ್ವಾಹಕನಾಗಿದ್ದೆ. ಶರಾವತಿ ಹಿನ್ನೀರಿನ ಕಡೆ. ಯಾವ ಕಚೇರಿ, ಯಾವ ದಡ ಅನ್ನೋದು ಬೇಡ ಬಿಡಿ.

ಆ ಕಡೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನೀರು ನಿಂತ ಮೇಲೆ ತುಮರಿ ಸುತ್ತಲಿನ ಊರುಗಳಿಗೆ ಸಾಗರ ಪೇಟೆಯ ದಾರಿ ಮುಳುಗಿತು. ರಾಜ್ಯಕ್ಕೆ ಕರೆಂಟ್ ಸಿಕ್ಕಿತು, ಇವರಿಗೆ ಜನ, ವಾಹನ ದಾಟಿಸುವ ಲಾಂಚ್ ಸಿಕ್ಕಿತು. ಸಿಗಂದೂರು ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈ 14ಕ್ಕೆ. ಅಲ್ಲಿವರೆಗೂ ಆಸ್ಪತ್ರೆ, ಕಾಲೇಜು, ಅಡಿಕೆ ಮಂಡಿ ಎಲ್ಲಕ್ಕೂ ಲಾಂಚೇ ಗತಿ. ಸಂಜೆಯ ಕೊನೇ ಟ್ರಿಪ್ ತಪ್ಪಿದರೆ ಸುತ್ತು ದಾರಿ, ಇಲ್ಲಾ ನೆಂಟರ ಮನೆ. ನಾನು ಹೇಳುತ್ತಿರುವುದು ಸೇತುವೆಗೆ ಮುಂಚಿನ ಕಥೆ.

ಲಾಂಚ್ ತಡ ಅಂತ ಅರ್ಜಿ ಬಂದರೆ ನನ್ನ ಕೆಲಸ ಸುಲಭ. ಇನ್‌ವರ್ಡ್ ನಂಬರ್ ಹಾಕು, ‘ಅಗತ್ಯ ಕ್ರಮಕ್ಕಾಗಿ’ ಅಂತ ಬರೆದು ಸಂಬಂಧಪಟ್ಟ ಇಲಾಖೆಗೆ ಕಳಿಸು, ಅರ್ಜಿದಾರರಿಗೆ ಒಂದು ಹಿಂಬರಹ, ಅಂದರೆ ಅರ್ಜಿ ಏನಾಯಿತು ಅಂತ ತಿಳಿಸುವ ಕಾಗದ, ಕೊಡು. ಕಡತ ವಿಲೇವಾರಿ. ತಿಂಗಳ ತಖ್ತೆಯಲ್ಲಿ ನನ್ನ ಬಾಕಿ ಯಾವಾಗಲೂ ಸೊನ್ನೆ. ಮೀಟಿಂಗಿನಲ್ಲಿ ಶಹಬ್ಬಾಸ್ ಬೇರೆ.

ಒಂದು ದಿನ ಒಬ್ಬ ಹಿರಿಯರು ಬಂದರು. ಮೂರನೇ ಅರ್ಜಿ ಅವರದ್ದು.

“ಯಜಮಾನ್ರೇ, ಹಿಂಬರಹ ಬಂತಲ್ಲ?” ಅಂದೆ.

“ಬಂತು ಸಾರ್. ಲಾಂಚ್ ಬರಲಿಲ್ಲ.”

ಚೀಲದಿಂದ ಗೋಡೆ ಕ್ಯಾಲೆಂಡರ್ ತೆಗೆದು ಟೇಬಲ್ ಮೇಲೆ ಹರಡಿದರು. ಮನೆಯಲ್ಲಿ ಹಾಲಿನ ಲೆಕ್ಕ ಬರೀತೀವಲ್ಲ, ಆ ಚೌಕಗಳಲ್ಲಿ ಲಾಂಚ್ ಹೊರಟ ಹೊತ್ತು. ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಹೆಂಡತಿಯನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವ ದಿನಗಳು ಅವು.

ಲಾಂಚ್ ಹೊರಟ ಸಮಯದ ದಾಖಲೆ ಕೊಡಿ ಅಂತ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಿ ಅಂತ ನಾನೇ ಹೇಳಿಕೊಟ್ಟೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಉತ್ತರ ಬಂತು: ‘ಮಾಹಿತಿ ಲಭ್ಯವಿಲ್ಲ’. ನನಗೆ ಸಿಟ್ಟು ಬಂತು. ದಡಕ್ಕೇ ಹೋಗಿ ರಿಜಿಸ್ಟರ್ ನೋಡಿದೆ. ತಾರೀಕು, ಎಷ್ಟು ಟ್ರಿಪ್, ಎಷ್ಟು ಡೀಸೆಲ್, ಎಷ್ಟು ವಸೂಲಿ ಎಲ್ಲ ಇದೆ. ಹೊರಟ ಸಮಯಕ್ಕೆ ಕಾಲಮ್ಮೇ ಇಲ್ಲ! ಉತ್ತರ ಕೊಟ್ಟವರು ಸುಳ್ಳು ಹೇಳಿರಲಿಲ್ಲ. ದಾಖಲೆಯಲ್ಲಿ ಇಲ್ಲದ್ದನ್ನು ಆ ಕಾಯ್ದೆಯಲ್ಲಿ ಪಡೆಯೋಕೆ ಆಗಲ್ಲ.

ಸರ್ಕಾರಿ ಸೇವೆ ಇಷ್ಟು ದಿನದೊಳಗೆ ಕೊಡಬೇಕು ಅನ್ನೋ ಸಕಾಲ ಕಾಯ್ದೆ ನೆನಪಾಯಿತು. ಅಲ್ಲಿ ಪ್ರಮಾಣಪತ್ರ ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ ಕೇಳಬಹುದು, ಹೆಚ್ಚೆಂದರೆ 500. ಯಾಕೆಂದರೆ ಅರ್ಜಿಗೆ ನಂಬರ್ ಬಿದ್ದ ದಿನದಿಂದ ಲೆಕ್ಕ ಶುರು. ದಡದಲ್ಲಿ ನಿಂತವರಿಗೆ ಯಾವ ನಂಬರ್?

ಸಾಹೇಬರ ಹತ್ತಿರ ಕೂತು ಲಾಂಚ್ ನಡೆಸುವ ಇಲಾಖೆಗೆ ಒಂದು ಪತ್ರ ಬರೆಸಿದೆ. ಬೇಡಿಕೆ ಮೂರೇ ಕಾಲಮ್: ಹೊರಡಬೇಕಾದ ಸಮಯ, ಹೊರಟ ಸಮಯ, ಕಾರಣ. ಎರಡು ನೆನಪೋಲೆ ಆದ ಮೇಲೆ ಒಪ್ಪಿದರು.

ಮೊದಮೊದಲು ಕಾರಣದ ಜಾಗದಲ್ಲಿ ‘ತಾಂತ್ರಿಕ’ ಅಂತ ಒಂದೇ ಪದ. ಅದನ್ನು ಒಪ್ಪದೆ ವಾಪಸ್ ಕಳಿಸತೊಡಗಿದೆ. ಆಮೇಲೆ ನಿಜವಾದ ಕಾರಣ ಬರತೊಡಗಿತು. ‘ಡೀಸೆಲ್ ಬಂದಿಲ್ಲ, ಬಿಲ್ಲಿಗೆ ಸಹಿ ಆಗಿಲ್ಲ.’ ನಾನು ಅಲ್ಲಿವರೆಗೆ ಎಂಜಿನ್ ಹಳೇದು ಅಂತಲೇ ನಂಬಿದ್ದೆ! ‘ತಾಂತ್ರಿಕ’ ಅಂದರೆ ಯಾರನ್ನು ಕೇಳೋದು? ಸಹಿ ಅಂದರೆ ಯಾರ ಟೇಬಲ್ ಅಂತ ಕೇಳಬಹುದು. ಕೇಳಿದೆವು. ಬೆಳಗಿನ ಟ್ರಿಪ್ ಪೂರ್ತಿ ಸರಿಹೋಗಲಿಲ್ಲ, ಆದರೆ ಜಾಸ್ತಿ ದಿನ ಹೊತ್ತಿಗೆ ಹೊರಡತೊಡಗಿತು. ನೀರು ಇಳಿದು ಲಾಂಚಿಗೆ ವಾಹನ ಹತ್ತಿಸೋದನ್ನು ನಿಲ್ಲಿಸುವ ಬೇಸಿಗೆಗೆ ಮಾತ್ರ ನನ್ನ ಕಾಲಮ್ಮುಗಳಿಂದ ಏನೂ ಆಗಲಿಲ್ಲ.

ಒಂದು ಭಾನುವಾರ ಲಾಂಚಿನ ಹುಡುಗ ಫೋನ್ ಮಾಡಿದ.

“ಸಾರ್, ದೊಡ್ಡವರೊಬ್ಬರ ಕಾರು ಬರ್ತಿದೆ, ಕಾಯಬೇಕಂತೆ. ಕಾರಣದಲ್ಲಿ ಏನು ಬರೀಲಿ?”

ಸ್ವಲ್ಪ ಹೊತ್ತು ನನಗೂ ಮಾತು ಹೊರಡಲಿಲ್ಲ. ನೌಕರಿ ನನ್ನದೂ ಅಲ್ವಾ.

“ಕಾರಿನ ನಂಬರ್ ಬರಿ,” ಅಂದೆ.